ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಕೊಟ್ಟು ಆಂಟಿವೈರಸ್ ಹಾಕಿಸಬೇಕಾ?

ಪ್ರಶ್ನೆ: ಮನೆ ಮೂಡಿಗೆರೆ ಹತ್ತಿರ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ತಗೊಂಡೆವು. ಚಿಕ್ಕಮಗಳೂರಿನ ಅಂಗಡಿಯವರು ಮೂರು ವರ್ಷದ ಆಂಟಿವೈರಸ್ ಹಾಕಿಸಲೇಬೇಕು ಅಂತಾರೆ. ನಿಜವೇ?

ಉತ್ತರ: ಹಾಕಿಸಲೇಬೇಕು ಅಂತೇನಿಲ್ಲ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಅನ್ನೋ ಆಂಟಿವೈರಸ್ ಮನೆ ಬಳಕೆಗೆ ಸಾಕು. ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯದ ಪರೀಕ್ಷೆಗಳಲ್ಲೂ ಅದಕ್ಕೆ ಒಳ್ಳೆ ಅಂಕವೇ ಬರುತ್ತಿದೆ. ಅಂಗಡಿಯವರಿಗೆ ಅದರಲ್ಲಿ ನಾಲ್ಕು ಕಾಸು ಉಳಿಯುತ್ತೆ, ತಪ್ಪೇನಲ್ಲ ಬಿಡಿ. ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಬೇರೆ ಕಂಪನಿಯ ಟ್ರಯಲ್ ಆಂಟಿವೈರಸ್ ಇದ್ದರೆ ಅದನ್ನು ತೆಗೆದುಹಾಕಿ. ಅದು ಕೆಲಸ ಮಾಡುತ್ತಿರುವಾಗ ಡಿಫೆಂಡರ್ ತಾನಾಗಿ ಪಕ್ಕಕ್ಕೆ ಸರಿದಿರುತ್ತದೆ.

ನಮ್ಮ ಕಡೆ ನಿಜವಾದ ತಲೆನೋವು ಪೆನ್‌ಡ್ರೈವ್. ಪಹಣಿಯನ್ನೋ ಹಾಲ್‌ಟಿಕೆಟನ್ನೋ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಒಯ್ದು ತಂದ ಮೇಲೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ, ಐಕಾನ್ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಕಂಡರೆ ಡಬಲ್ ಕ್ಲಿಕ್ ಮಾಡಲೇಬೇಡಿ. ವೈರಸ್ ಶುರುವಾಗುವುದೇ ಆ ಕ್ಲಿಕ್‌ನಿಂದ. ನಿಮ್ಮ ಫೈಲ್‌ಗಳು ಸಾಮಾನ್ಯವಾಗಿ ಅಳಿಸಿಹೋಗಿರುವುದಿಲ್ಲ, ಹೈಡ್ ಆಗಿರುತ್ತವೆ ಅಷ್ಟೆ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡಿ.

ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುವುದರಿಂದ ಅಪ್‌ಡೇಟ್ ಬಾಕಿ ಬೀಳುತ್ತೆ. ಸಿಗ್ನಲ್ ಬಂದ ದಿನ ಮೊದಲು ಅದನ್ನು ಮುಗಿಸಿ. 2017ರ ಮೇ ತಿಂಗಳಲ್ಲಿ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ ವನ್ನಾಕ್ರೈ ವೈರಸ್ ಹರಡಿದಾಗ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಕೊಟ್ಟಾಗಿತ್ತು.

'ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಅಂತ ಪರದೆ ಕಿರುಚಿದರೆ ಅದು ಶುದ್ಧ ಮೋಸ, ಬ್ರೌಸರ್ ಮುಚ್ಚಿಬಿಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.