ಡಿಸ್ಟ್ರಿಕ್ಟಿನ ಸರಾಸರಿ ಚೆನ್ನಾಗಿದೆ, ಲ್ಯಾಟಿನೊ ಮಕ್ಕಳು ಹಿಂದೆ: ಯಾರನ್ನು ಕೇಳುವುದು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸಾನ್ ಹೋಸೆ ಹತ್ತಿರ ಇದ್ದೇವೆ. ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಲ್ಯಾಟಿನೊ, ಅಂದರೆ ಮೆಕ್ಸಿಕೊ ಮೊದಲಾದ ಲ್ಯಾಟಿನ್ ಅಮೆರಿಕ ಮೂಲದವರು. ಮಗಳ ಅಡ್ವಾನ್ಸ್ಡ್ ಗಣಿತ ಕ್ಲಾಸಿನಲ್ಲಿ ಮಾತ್ರ ಅವರು ಇಬ್ಬರೇ ಇಬ್ಬರು. ಸ್ಕೂಲ್ ಡಿಸ್ಟ್ರಿಕ್ಟಿನವರನ್ನು (ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವವರನ್ನು) ಕೇಳಿದರೆ "ಅವರ ಮನೆಯಲ್ಲಿ ಇಂಗ್ಲಿಷ್ ಇಲ್ಲ, ಓದಿಸುವವರೂ ಇಲ್ಲ" ಅಂದು ಸುಮ್ಮನಾಗುತ್ತಾರೆ. ನಾನಿನ್ನೂ ಎಚ್-1ಬಿ ವೀಸಾದಲ್ಲಿದ್ದೇನೆ, ಓಟಿಲ್ಲ. ಬೇರೆಯವರ ಮಕ್ಕಳ ವಿಷಯದಲ್ಲಿ ನಾನು ಬಾಯಿ ಹಾಕಬಹುದಾ? ಹಾಕಿದರೆ ಯಾರನ್ನು ಕೇಳಬೇಕು?

ಉತ್ತರ: ಖಂಡಿತ ಕೇಳಬಹುದು. ಡಿಸ್ಟ್ರಿಕ್ಟಿನ ಮೇಲಿರುವ ಶಾಲಾ ಮಂಡಳಿಯ ಸಭೆಯಲ್ಲಿ ಎದ್ದು ಮಾತಾಡುವುದಕ್ಕೆ ಓಟು ಬೇಕಿಲ್ಲ, ವೀಸಾ ಯಾವುದು ಅಂತ ಹೇಳಬೇಕಾಗಿಯೂ ಇಲ್ಲ.

"ಮನೆಯಲ್ಲಿ ಇಂಗ್ಲಿಷ್ ಇಲ್ಲ" ಅನ್ನುವ ಮಾತು ಹಳೆಯದು. 1940ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ (ಕೌಂಟಿ ಅಂದರೆ ಜಿಲ್ಲೆ) ಸ್ಕೂಲ್ ಡಿಸ್ಟ್ರಿಕ್ಟುಗಳು ಮೆಕ್ಸಿಕನ್ ಮಕ್ಕಳನ್ನು ಬೇರೆ ಶಾಲೆಗೆ ಹಾಕುತ್ತಿದ್ದವು. ಕೋರ್ಟಿನಲ್ಲಿ ಕೊಟ್ಟ ಕಾರಣ ಭಾಷೆ. ಆದರೆ ಚೆನ್ನಾಗಿ ಇಂಗ್ಲಿಷ್ ಮಾತಾಡುವ ಮಕ್ಕಳನ್ನೂ ಅಲ್ಲಿಗೇ ಕಳಿಸುತ್ತಿದ್ದರು! ಮೆಂಡೆಜ್ ಮತ್ತು ಇನ್ನೂ ನಾಲ್ಕು ಕುಟುಂಬಗಳು ಕೇಸ್ ಹಾಕಿ, 1947ರಲ್ಲಿ ಮೇಲ್ಮನವಿಯಲ್ಲೂ ಗೆದ್ದವು. ಈಗ ಎಲ್ಲರಿಗೂ ಶಾಲೆ ಒಂದೇ. ಬೇರೆ ಮಾಡುವ ಕೆಲಸ ಕ್ಲಾಸ್‌ರೂಮಿನ ಬಾಗಿಲಲ್ಲಿ ನಡೆಯುತ್ತಿದೆ, ನೀವು ನೋಡಿದ್ದೂ ಅದನ್ನೇ.

ಬಡತನ, ಭಾಷೆಯ ತೊಡಕು ಸುಳ್ಳಲ್ಲ. ಆದರೆ ಯಾವ ಮಗು ಯಾವ ಗಣಿತಕ್ಕೆ ಹೋಗಬೇಕು ಅಂತ ತೀರ್ಮಾನಿಸುವುದು ಮನೆಯವರಲ್ಲ, ಡಿಸ್ಟ್ರಿಕ್ಟು. ಕೇಳಬೇಕಾದದ್ದು ಆ ತೀರ್ಮಾನಗಳ ಬಗ್ಗೆ.

ಮಗಳು ಬರುವ ವರ್ಷ ಒಂಬತ್ತಕ್ಕೆ ಹೋಗುತ್ತಾಳೆ, ಹಾಗಾಗಿ ಗಣಿತದಿಂದಲೇ ಶುರು ಮಾಡಿ. ಒಂಬತ್ತರಲ್ಲಿ ಆಲ್ಜೀಬ್ರಾ ಒಂದರಿಂದ ಹೊರಟ ಮಗು ವರ್ಷಕ್ಕೊಂದು ಕೋರ್ಸ್ ಮುಗಿಸಿದರೆ ಹನ್ನೆರಡರಲ್ಲಿ ಪ್ರೀಕ್ಯಾಲ್ಕುಲಸ್‌ಗೆ ನಿಲ್ಲುತ್ತದೆ, ಕ್ಯಾಲ್ಕುಲಸ್ ಸಿಗುವುದಿಲ್ಲ. ಇದು ನಮ್ಮವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಟ್ಯೂಷನ್ ಕೊಡಿಸುತ್ತೇವೆ, ಪ್ರಿನ್ಸಿಪಾಲರಿಗೆ ಮೇಲ್ ಮೇಲೆ ಮೇಲ್ ಹಾಕುತ್ತೇವೆ. ಎರಡೆರಡು ಕೆಲಸ ಮಾಡುವ ತಾಯಿಗೆ ಆ ದಾರಿ ಯಾರೂ ಹೇಳಿಕೊಟ್ಟಿರುವುದಿಲ್ಲ. ಎಂಟರಲ್ಲೇ ಆಲ್ಜೀಬ್ರಾ ಮುಗಿಸಿದ ಮಕ್ಕಳನ್ನು, ಅದರಲ್ಲೂ ಕಪ್ಪು ಮತ್ತು ಲ್ಯಾಟಿನೊ ಮಕ್ಕಳನ್ನು, ಒಂಬತ್ತರಲ್ಲಿ ಮತ್ತೆ ಅದಕ್ಕೇ ಕೂರಿಸುತ್ತಿದ್ದದ್ದು ಸಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ಬಯಲಾಯಿತು. ಆಮೇಲೆ 2015ರಲ್ಲಿ ಗಣಿತ ಪ್ಲೇಸ್‌ಮೆಂಟ್ ಕಾನೂನು, ಅಂದರೆ ಯಾವ ಮಗುವನ್ನು ಯಾವ ಗಣಿತ ಕ್ಲಾಸಿಗೆ ಹಾಕಬೇಕು ಅನ್ನುವುದರ ಕಾನೂನು, ಬಂತು. ಅದರ ಪ್ರಕಾರ ಒಬ್ಬ ಟೀಚರ್ ಅಭಿಪ್ರಾಯವೊಂದೇ ಸಾಲದು, ಪರೀಕ್ಷೆಯ ಅಂಕ, ಗ್ರೇಡುಗಳಂಥ ಅಳತೆಗಳು ಬೇಕು. ವರ್ಷದ ಮೊದಲ ತಿಂಗಳಲ್ಲೇ ಮಗು ಸರಿಯಾದ ಕ್ಲಾಸಿನಲ್ಲಿದೆಯಾ ಅಂತ ಮತ್ತೆ ನೋಡಬೇಕು. ಮುಖ್ಯವಾಗಿ, ಯಾವ ಜನಾಂಗದ ಮಕ್ಕಳು ಎಲ್ಲಿ ಹೋದರು ಅನ್ನುವ ಲೆಕ್ಕವನ್ನು ಪ್ರತಿ ವರ್ಷ ಪರಿಶೀಲಿಸಿ ಮಂಡಳಿಯ ಮುಂದೆ ಇಡಬೇಕು. ಆ ವರದಿಯನ್ನು ಯಾವ ಸಭೆಯಲ್ಲಿ ಇಟ್ಟಿರಿ ಅಂತ ಕೇಳಿ. ಬರೇ ಈ ಒಂದು ಪ್ರಶ್ನೆಗೇ ಎಷ್ಟೋ ಕಡೆ ಉತ್ತರ ತಡವರಿಸುತ್ತದೆ.

ಇನ್ನು ದುಡ್ಡು. 2013ರಿಂದ ಕ್ಯಾಲಿಫೋರ್ನಿಯಾ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು ಮತ್ತು ಫಾಸ್ಟರ್ ಮಕ್ಕಳ (ಸರ್ಕಾರದ ಆಶ್ರಯದಲ್ಲಿ ಬೇರೆಯವರ ಮನೆಯಲ್ಲಿ ಬೆಳೆಯುವವರ) ತಲೆ ಲೆಕ್ಕದಲ್ಲಿ ಡಿಸ್ಟ್ರಿಕ್ಟಿಗೆ ಶೇ. 20ರಷ್ಟು ಜಾಸ್ತಿ ಕೊಡುತ್ತದೆ. ಇಂಥ ಮಕ್ಕಳು ಶೇ. 55 ದಾಟಿದರೆ ಅದರ ಮೇಲೆ ಇನ್ನೂ ಕೊಡುತ್ತದೆ. ಮನೆಯ ಕಷ್ಟಕ್ಕಾಗಿಯೇ ದುಡ್ಡು ತೆಗೆದುಕೊಂಡವರು ಅದೇ ಕಷ್ಟವನ್ನು ನೆಪ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಲಾಸ್ ಏಂಜಲೀಸಿನಲ್ಲಿ ವಿಶೇಷ ಶಿಕ್ಷಣದ ಖರ್ಚನ್ನೂ ಈ ಲೆಕ್ಕಕ್ಕೆ ಸೇರಿಸಿದ್ದಾರೆ ಅಂತ 2015ರಲ್ಲಿ ಕೇಸಾಯಿತು. 2017ರ ರಾಜಿಯಲ್ಲಿ ಡಿಸ್ಟ್ರಿಕ್ಟು 50 ಶಾಲೆಗಳಿಗೆ 15.1 ಕೋಟಿ ಡಾಲರ್ ಕೊಡಲು ಒಪ್ಪಿತು. ನಿಮ್ಮಲ್ಲಿ ಆ ದುಡ್ಡು ಎಲ್ಲಿ ಹೋಗುತ್ತಿದೆ ಅನ್ನುವುದು ಎಲ್‌ಕ್ಯಾಪ್ (LCAP) ಎಂಬ ಡಿಸ್ಟ್ರಿಕ್ಟಿನ ಗುರಿ-ಖರ್ಚಿನ ಯೋಜನೆಯಲ್ಲಿ ಇರುತ್ತದೆ. ಜುಲೈ 1ರ ಒಳಗೆ ಅದನ್ನು ಪಾಸು ಮಾಡಬೇಕು, ಅದಕ್ಕೆ ಮುಂಚೆ ಸಾರ್ವಜನಿಕರ ಮಾತು ಕೇಳಬೇಕು.

ಡಿಸ್ಟ್ರಿಕ್ಟಿನ ಸರಾಸರಿ ನೋಡಿ ಮೋಸ ಹೋಗಬೇಡಿ. 2023ರ ರಾಜ್ಯ ಪರೀಕ್ಷೆಯಲ್ಲಿ ಗಣಿತದ ಮಟ್ಟ ಮುಟ್ಟಿದ ಲ್ಯಾಟಿನೊ ಮಕ್ಕಳು ನಾಲ್ವರಲ್ಲಿ ಒಬ್ಬರಿಗಿಂತಲೂ ಕಡಿಮೆ. ಶಾಲೆಗಳ ಸಾಧನೆ ತೋರಿಸುವ ರಾಜ್ಯದ ಡ್ಯಾಶ್‌ಬೋರ್ಡ್ ವೆಬ್‌ಸೈಟಿನಲ್ಲಿ ಪ್ರತಿ ಗುಂಪಿಗೂ ಕೆಂಪಿನಿಂದ ನೀಲಿವರೆಗೆ ಬೇರೆ ಬೇರೆ ಬಣ್ಣ ಕೊಟ್ಟಿರುತ್ತಾರೆ. ಒಟ್ಟು ಡಿಸ್ಟ್ರಿಕ್ಟು ಹಸಿರಿದ್ದರೂ ಲ್ಯಾಟಿನೊ ಗುಂಪು ಕೆಂಪಿರಬಹುದು. ಒಂದು ಗುಂಪು ಎರಡು ಅಥವಾ ಅದಕ್ಕಿಂತ ಹೆಚ್ಚು ವಿಷಯಗಳಲ್ಲಿ ತೀರಾ ಹಿಂದಿದ್ದರೆ ಕೌಂಟಿ ಶಿಕ್ಷಣ ಕಚೇರಿ ಬಂದು ನೆರವು ಕೊಡಬೇಕು. ಅದು ನೆರವು ಅಷ್ಟೇ, ಶಿಕ್ಷೆಯಲ್ಲ. ಹಾಗಾಗಿ ಬೆನ್ನು ಬೀಳುವವರು ಇಲ್ಲದಿದ್ದರೆ ಏನೂ ಬದಲಾಗುವುದಿಲ್ಲ.

ಎಲ್‌ಕ್ಯಾಪ್ ದುಡ್ಡಿನ ವಿಷಯದಲ್ಲಿ ಕಾನೂನು ಮುರಿದಿದ್ದಾರೆ ಅನ್ನಿಸಿದರೆ ಯೂನಿಫಾರ್ಮ್ ಕಂಪ್ಲೇಂಟ್ ಕೊಡಬಹುದು (ಸಮವಸ್ತ್ರದ ದೂರಲ್ಲ, ರಾಜ್ಯದ ಎಲ್ಲ ಡಿಸ್ಟ್ರಿಕ್ಟುಗಳಿಗೂ ಒಂದೇ ಥರದ ದೂರಿನ ಪದ್ಧತಿ). ಹೆಸರು ಹಾಕದೆಯೂ ಕೊಡಬಹುದು. ವೀಸಾದ ಭಯ ಇರುವವರಿಗೆ ಇದು ದೊಡ್ಡ ಅನುಕೂಲ. 60 ದಿನದೊಳಗೆ ಉತ್ತರ ಬರಬೇಕು, ಒಪ್ಪಿಗೆ ಆಗದಿದ್ದರೆ ರಾಜ್ಯ ಶಿಕ್ಷಣ ಇಲಾಖೆಗೆ ಹೋಗಬಹುದು. ತಾರತಮ್ಯದ ದೂರು ಕೇಳುವ ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕು ವಿಭಾಗ ಮುಚ್ಚಲು ಹೊರಟ ಕಚೇರಿಗಳಲ್ಲಿ ಸಾನ್ ಫ್ರಾನ್ಸಿಸ್ಕೊದ್ದೂ ಒಂದು. 2025ರ ಮಾರ್ಚಿನ ಆ ನಿರ್ಧಾರದ ನಂತರ ರಾಜ್ಯದ ಈ ದಾರಿಯೇ ಹೆಚ್ಚು ಮುಖ್ಯ.

ಒಂದು ಮಾತು ಮಾತ್ರ ನೆನಪಿಡಿ. ಆ ಮಕ್ಕಳ ಪರವಾಗಿ ಒಬ್ಬರೇ ಹೋಗಿ ಮಾತಾಡಬೇಡಿ, ಅವರ ಅಪ್ಪ ಅಮ್ಮಂದಿರ ಜೊತೆ ಹೋಗಿ. ಇಂಗ್ಲಿಷ್ ಕಲಿಯುವ ಮಕ್ಕಳು 51 ಇದ್ದರೆ ಸಾಕು, ಡಿಸ್ಟ್ರಿಕ್ಟು ಡೀಲ್ಯಾಕ್ ಎಂಬ ಪೋಷಕರ ಸಮಿತಿ ನಡೆಸಬೇಕು. ಎಲ್‌ಕ್ಯಾಪ್ ಪರಿಶೀಲನೆಯನ್ನೂ ಆ ಸಮಿತಿಗೇ ವಹಿಸಿದ್ದರೆ, ಅದು ಬರೆದದ್ದಕ್ಕೆ ಡಿಸ್ಟ್ರಿಕ್ಟಿನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟ್ ಬರವಣಿಗೆಯಲ್ಲೇ ಉತ್ತರಿಸಬೇಕು. ಮುಂದಿನ ಸಭೆಗೆ ಹೋಗಿ ಕೂತು, ಕಳೆದ ವರ್ಷ ಏನು ಕೇಳಿದ್ದಿರಿ, ಏನು ಉತ್ತರ ಬಂತು ಅಂತ ಅವರನ್ನು ವಿಚಾರಿಸಿ. ಗಣಿತದ ವರದಿಯ ಪ್ರಶ್ನೆಯನ್ನು ಅವರ ಪತ್ರದಲ್ಲೇ ಸೇರಿಸಲು ಒಪ್ಪುತ್ತಾರಾ ಕೇಳಿ.