ಹುಬ್ಬಳ್ಳಿ-ಧಾರವಾಡ ಮೇಯರ್‌ಗೆ ನಾವ್ಯಾಕೆ ನೇರವಾಗಿ ವೋಟು ಹಾಕೋದಿಲ್ಲ?

ಕರ್ನಾಟಕದ ಕಾನೂನಿನ ಪ್ರಕಾರ ಮೇಯರ್‌ನನ್ನು ಆರಿಸುವುದು ಪಾಲಿಕೆ ಸಭೆ, ಜನರಲ್ಲ. ನಾವು ಆರಿಸುವುದು ನಮ್ಮ ವಾರ್ಡಿನ ಕಾರ್ಪೊರೇಟರನ್ನು ಮಾತ್ರ. ಇಲ್ಲಿ 82 ವಾರ್ಡುಗಳಿವೆ.

ಲೆಕ್ಕ ಅಷ್ಟಕ್ಕೇ ಮುಗಿಯಲ್ಲ. ಈ ಭಾಗದ ಶಾಸಕರು, ಸಂಸದರಿಗೂ ಇಲ್ಲಿ ಮತ ಇದೆ. 2021ರಲ್ಲಿ ಬಿಜೆಪಿ ಗೆದ್ದದ್ದು 39 ಸೀಟು, 82ರ ಅರ್ಧಕ್ಕಿಂತ ಕಡಿಮೆ. ಆದರೂ 2022ರಲ್ಲಿ ಮೇಯರ್ ಗದ್ದುಗೆ ಅವರಿಗೇ ಸಿಕ್ಕಿತು. ಈ ಹೆಚ್ಚುವರಿ ಮತಗಳ ತೂಕ ಆಗ ಗೊತ್ತಾಯ್ತು.

ಮತದಾನ ಗುಟ್ಟಾಗಿ ನಡೆಯಲ್ಲ. ಸಭೆಯಲ್ಲಿ ಎಲ್ಲರ ಎದುರು ಕೈ ಎತ್ತಬೇಕು, ಅಧಿಕಾರಿಗಳು ಎಣಿಸುತ್ತಾರೆ. ಹಾಗಾಗಿ ಪಕ್ಷ ಬಿಟ್ಟು ಕೈ ಎತ್ತೋ ಧೈರ್ಯ ಜಾಸ್ತಿ ಜನರಿಗಿರಲ್ಲ. ಅವಧಿಯೂ ಒಂದೇ ವರ್ಷ. ಮೀಸಲಾತಿ ಬೇರೆ ಸರದಿಯಂತೆ ಬದಲಾಗುತ್ತದೆ. ನನ್ನ ಪ್ರಕಾರ ದೊಡ್ಡ ಕೊರತೆ ಈ ಒಂದು ವರ್ಷದ್ದೇ: ಕಡತ ಅರ್ಥವಾಗೋ ಹೊತ್ತಿಗೆ ಕುರ್ಚಿ ಬಿಡಬೇಕು, ಅಲ್ವಾ?