ಸಂಜೆಯ ಆಟ ಬಿಡಿಸಬೇಡಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ಮಗನಿಗೆ ನಾಲ್ಕು ವರ್ಷ, ಎಲ್‌ಕೆಜಿ. ಒಂದು ಕಡೆ ಕೂರುವುದಿಲ್ಲ, ಪಕ್ಕದ ಮಕ್ಕಳನ್ನು ತಳ್ಳುತ್ತಾನೆ ಅಂತ ಶಾಲೆಯಿಂದ ದೂರು ಬಂದಿದೆ. ಆಟದಲ್ಲಿ ಸೋತರೆ ನೆಲಕ್ಕೆ ಬಿದ್ದು ಅಳುತ್ತಾನೆ. ಅದಕ್ಕೇ ಸಂಜೆಯ ಆಟ ಬಿಡಿಸಿ, ಮನೆಯಲ್ಲಿ ಕೂರಿಸಿ ಅಕ್ಷರ ಬರೆಸುತ್ತಿದ್ದೇನೆ. ಈಗ ರಂಪ ಇನ್ನೂ ಜಾಸ್ತಿಯಾಗಿದೆ. ಮಂಡಿನೋವಿರುವ ನಮ್ಮ ಅತ್ತೆ ಮಾತ್ರ 'ಮಗೂನ ಹೊರಗೆ ಬಿಡು' ಅಂತಲೇ ಇದ್ದಾರೆ. ಮೊದಲು ಸುಮ್ಮನೆ ಕೂರುವುದನ್ನು ಕಲಿಸಬೇಕಲ್ಲವೇ?"

ನಮಸ್ಕಾರ. ನಿಮ್ಮ ಅತ್ತೆ ಹೇಳುತ್ತಿರುವುದೇ ಸರಿ. ಇವತ್ತು ಸಂಜೆಯೇ ಅವನನ್ನು ಆಡಲು ಬಿಡಿ. ಕೂರುವುದನ್ನು ಕಲಿತ ಮೇಲೆ ಆಟ ಅಂತ ನೀವು ಅಂದುಕೊಂಡಿದ್ದೀರಿ. ಈ ವಯಸ್ಸಿನಲ್ಲಿ ಅದು ತಿರುವುಮುರುವು. ಓಡಿ ಓಡಿಯೇ ಮಗು ನಿಲ್ಲುವುದನ್ನು ಕಲಿಯುತ್ತದೆ.

ಕೆರೆ-ದಡ ಆಟ ನೆನಪಿದೆಯಾ? ನೆಲದ ಮೇಲೆ ಒಂದು ಗೆರೆ. ಈಚೆ ದಡ, ಆಚೆ ಕೆರೆ. 'ಕೆರೆ' ಅಂದರೆ ಆಚೆ ಹಾರಬೇಕು, 'ದಡ' ಅಂದರೆ ಈಚೆ. ದಡದಲ್ಲಿ ನಿಂತಿರುವಾಗಲೇ ಮತ್ತೆ 'ದಡ' ಅಂದರೆ ಕದಲಬಾರದು. ಆ ಗಳಿಗೆಯಲ್ಲಿ ಮಗುವಿನ ಕಾಲು ನೋಡಿ. ಹಾರಲು ಎದ್ದ ಹಿಮ್ಮಡಿ ಅಲ್ಲೇ ನಿಂತುಬಿಡುತ್ತದೆ. ಪಕ್ಕದವನನ್ನು ತಳ್ಳಲು ಎದ್ದ ಕೈಯನ್ನು ತಡೆಯಲೂ ಇದೇ ಹಿಡಿತ ಬೇಕು, ಅಲ್ವಾ? ಚಿಕ್ಕ ಮಕ್ಕಳಿಗೆ ತಮ್ಮ ಮೇಲೆ ಎಷ್ಟು ಹತೋಟಿ ಬಂದಿದೆ ಅಂತ ನೋಡಲು ಸಂಶೋಧಕರು ಬಳಸುವ ಒಂದು ಪರೀಕ್ಷೆಯೂ ಹೆಚ್ಚುಕಡಿಮೆ ಹೀಗೇ ಇದೆ. 'ತಲೆ ಮುಟ್ಟು' ಅಂದರೆ ಮಗು ಕಾಲ್ಬೆರಳು ಮುಟ್ಟಬೇಕು, 'ಕಾಲ್ಬೆರಳು ಮುಟ್ಟು' ಅಂದರೆ ತಲೆ. ಇದು ಒಂದೆರಡು ದಿನದಲ್ಲಿ ಬರುವುದಲ್ಲ. ತಿಂಗಳುಗಟ್ಟಲೆ ಆಡಬೇಕು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿಯೇ ಸಲಹೆಗಳನ್ನು ಕೊಟ್ಟಿತು. 3-4 ವರ್ಷದವರು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸುತ್ತಿರಬೇಕು, ಅದರಲ್ಲಿ 60 ನಿಮಿಷವಾದರೂ ಚೆನ್ನಾಗಿ ಓಡಿ ಕುಣಿಯಬೇಕು. ಒಂದೇ ಸಲಕ್ಕಲ್ಲ, ದಿನವಿಡೀ ಹಂಚಿಕೊಂಡು. ಮೊಬೈಲು, ಟೀವಿ ಒಂದು ಗಂಟೆಗಿಂತ ಹೆಚ್ಚಾಗಬಾರದು. ಈಗ ನಿಮ್ಮ ಮಗನ ದಿನವನ್ನು ಲೆಕ್ಕ ಹಾಕಿ. ಬೆಳಗ್ಗೆ ಬೆಂಚು, ಸಂಜೆ ಕಾಪಿ ಪುಸ್ತಕ. ಆ 180 ನಿಮಿಷ ಎಲ್ಲಿಂದ ಬರಬೇಕು?

ತಳ್ಳಾಟವೆಲ್ಲ ಜಗಳವಲ್ಲ ಅನ್ನುವುದನ್ನೂ ಹೇಳಬೇಕು. ಮಕ್ಕಳು ನಗುತ್ತಾ ಬೀಳುತ್ತಿದ್ದರೆ, ಅಟ್ಟಿಸಿಕೊಂಡು ಹೋದವನೇ ಆಮೇಲೆ ತಪ್ಪಿಸಿಕೊಂಡು ಓಡುತ್ತಿದ್ದರೆ, ಬಿದ್ದ ಮೇಲೂ ಮತ್ತೆ ಒಟ್ಟಿಗೆ ಸೇರುತ್ತಿದ್ದರೆ ಅದು ಆಟ. ಒಬ್ಬನ ಮುಖ ಬಿಗಿದಿದ್ದು, ಇನ್ನೊಬ್ಬ ದೂರ ಸರಿಯುತ್ತಿದ್ದರೆ ಮಾತ್ರ ನೀವು ನಡುವೆ ಹೋಗಬೇಕು.

ಸೋಲಿನ ಅಳುವಿಗೆ ನಮ್ಮಲ್ಲಿ ಒಳ್ಳೆಯ ಉಪಾಯವೇ ಇತ್ತು: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈಗ ಈ ಮಾತನ್ನು ಯಾರನ್ನಾದರೂ ಹಳಿಯಲು ಬಳಸುತ್ತೇವೆ. ಚಿಕ್ಕವಳಿದ್ದಾಗ ನನಗೆ ಅದು ದೊಡ್ಡ ಮರ್ಯಾದೆಯಾಗಿತ್ತು. ಅಕ್ಕ ಮತ್ತು ಅವಳ ಜೊತೆಯವರು ಲಗೋರಿ ಆಡುವಾಗ ನನ್ನನ್ನೂ ಸೇರಿಸಿಕೊಳ್ಳುತ್ತಿದ್ದರು. ಚೆಂಡು ತಗುಲಿದರೂ ನಾನು ಔಟಲ್ಲ. ದೊಡ್ಡವರು ಸೋತು, ಮುಖ ಊದಿಸಿ, ಟೂ ಬಿಟ್ಟು, ಸ್ವಲ್ಪ ಹೊತ್ತಿಗೆ ಮತ್ತೆ ಕಲ್ಲು ಜೋಡಿಸುವುದನ್ನು ನಡುವೆ ಓಡಾಡುತ್ತಲೇ ನೋಡಿದೆ. ಒಂದು ದಿನ 'ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ' ಅಂತ ಹಟ ಹಿಡಿದೆ. ಅವತ್ತೇ ಔಟಾಗಿ ಗೋಳೋ ಅಂತ ಅತ್ತೆ. ಮರುದಿನ ನಾನಾಗಿಯೇ ಹೋದೆ. ನಿಮ್ಮ ಬೀದಿಯಲ್ಲೂ ಏಳೆಂಟು ವರ್ಷದ ಮಕ್ಕಳಿರಬಹುದು. ಇವನನ್ನು ಹಾಗೆ ಸೇರಿಸಿಕೊಳ್ಳಿ ಅಂತ ಅವರನ್ನೇ ಕೇಳಿ. ಮನೆಯಲ್ಲಿ ಆಡುವಾಗ ನೀವು ಪ್ರತಿ ಸಲ ಬೇಕಂತಲೇ ಸೋಲಬೇಡಿ. ಅತ್ತರೆ ಪಕ್ಕದಲ್ಲಿ ಕೂತಿರಿ. 'ಸೋತಿದ್ದಕ್ಕೆ ಬೇಜಾರಾಯ್ತಾ?' ಅಂದರೆ ಸಾಕು.

ಶಾಲೆಗೂ ಒಮ್ಮೆ ಹೋಗಿ ಬನ್ನಿ. ಎಷ್ಟು ಹೊತ್ತು ಕೂರಿಸಿದ ಮೇಲೆ ಇವನು ತಳ್ಳಲು ಶುರು ಮಾಡುತ್ತಾನೆ ಅಂತ ಮೇಡಂ ಅವರನ್ನು ಕೇಳಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರಿಗೆ ಆಟದ ಮೂಲಕವೇ ಕಲಿಕೆ ಎನ್ನುತ್ತದೆ. ನೀವು ಕೇಳುತ್ತಿರುವುದು ವಿಶೇಷ ಸೌಲಭ್ಯವೇನಲ್ಲ. ತಪ್ಪು ಮಾಡಿದ ಅಂತ ಆಟದ ಪೀರಿಯಡ್ ಮಾತ್ರ ಕಿತ್ತುಕೊಳ್ಳಬೇಡಿ ಅಂತ ಹೇಳಿ. ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಯಾವ ಮಗುವಿನ ಜೊತೆಯೂ ಸೇರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. ನಿಮ್ಮ ಪತ್ರದಲ್ಲಿ ನನಗೆ ಅಂಥದ್ದೇನೂ ಕಾಣಲಿಲ್ಲ.

ಇವತ್ತು ಸಂಜೆ ಅಂಗಳದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯಿರಿ. ಪಕ್ಕದಲ್ಲಿ ಅಜ್ಜಿಗೆ ಒಂದು ಕುರ್ಚಿ ಹಾಕಿ. 'ಕೆರೆ', 'ದಡ' ಅಂತ ಕೂಗಲು ಮಂಡಿನೋವು ಅಡ್ಡ ಬರುವುದಿಲ್ಲ.